ಕಟ್ಟಿನಡಿ ಮುಚ್ಚಿಹೋದ ವಜ್ರದ ನಂಬರ್

ನೀವು ವಾಪಸ್ ಕೊಟ್ಟ ವಸ್ತುವನ್ನು ಹಿಡಿದು "ಇದು ನಾವು ಕೊಟ್ಟಿದ್ದಲ್ಲ" ಎಂದು ಯಾರಾದರೂ ನಿಮ್ಮ ಮುಖಕ್ಕೇ ಹೇಳಿದ್ದುಂಟಾ? ಆಗ ಏನು ಮಾಡಿದಿರಿ? ಅತ್ತಿರಾ, ಸುಮ್ಮನಾದಿರಾ? ಭದ್ರಾವತಿಯ ಸಹನಾ ಎರಡನ್ನೂ ಮಾಡಲಿಲ್ಲ. ಹೆಸರು ಬದಲಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಒಂದು ಆಭರಣದ ಅಂಗಡಿಯಲ್ಲಿ ನಾನು ವಜ್ರದ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ರವೀಂದ್ರನಗರದ ಗಂಡ ಹೆಂಡತಿ ಬಂದರು, ಹಿಂದೆಯೇ ಸಹನಾ. ಅವರ ಮಗನ ಜೊತೆ ಇವಳ ನಿಶ್ಚಿತಾರ್ಥ ಆಗಿತ್ತು. ಇವಳೇ ಮುರಿದುಕೊಂಡು ಉಂಗುರ ವಾಪಸ್ ಕೊಟ್ಟಿದ್ದಳು. ಕಾರಣ ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಉಂಗುರ ನಮ್ಮಲ್ಲೇ ಕೊಂಡದ್ದು. ಹುಡುಗನ ತಾಯಿ ಅದನ್ನು ಗಾಜಿನ ಮೇಲೆ ಟಕ್ ಎಂದು ಇಟ್ಟರು.

"ಕಲ್ಲು ಬದಲಾಯ್ಸಿದಾಳೆ ಮೇಡಂ. ಬೇರೆ ಅಂಗಡೀಲಿ ತೋರ್ಸಿದೆ, ನಂಬರ್ ಕಾಣಲ್ಲ ಅಂದ್ರು. ನೋಡಿ, ಹೊಳಪೂ ಇಲ್ಲ."

"ಅದನ್ನೇ ಊರ್ ತುಂಬಾ ಹೇಳ್ಕೊಂಡು ಬಂದಿದೀರಲ್ಲ ಆಂಟಿ," ಅಂದಳು ಸಹನಾ. "ಈಗ ನನ್ನೆದುರಿಗೆ ಓದಿಸಿ."

ಸರ್ಟಿಫಿಕೇಟ್ ಇರುವ ಹಲವು ವಜ್ರಗಳ ಮೇಲೆ ಲೇಸರ್‌ನಿಂದ ಆ ಸರ್ಟಿಫಿಕೇಟಿನ ನಂಬರನ್ನೇ ಕೆತ್ತಿರುತ್ತಾರೆ. ಅದು ಇರುವುದು ಗರ್ಡಲ್ ಮೇಲೆ, ಅಂದರೆ ಕಲ್ಲಿನ ನಡುವಿನ ತೆಳು ಅಂಚಿನ ಮೇಲೆ. ಬರಿಗಣ್ಣಿಗೆ ಕಾಣುವುದಿಲ್ಲ. ಲೂಪ್ ಬೇಕು, ಕಣ್ಣಿಗೆ ಹಚ್ಚಿಕೊಂಡು ನೋಡುವ ಪುಟ್ಟ ಮಸೂರ.

ನೋಡಿದೆ. ನಂಬರ್ ಇರಲಿ, ಗರ್ಡಲ್ಲೇ ಕಾಣಲಿಲ್ಲ. ನಾವು ಮಾರಿದಾಗ ನಾಲ್ಕು ಕೊಕ್ಕೆಗಳ ಮೇಲೆ ಎತ್ತರಕ್ಕೆ ನಿಂತಿದ್ದ ಕಲ್ಲು ಈಗ ತಗ್ಗಿನಲ್ಲಿ, ಸುತ್ತಲೂ ಚಿನ್ನದ ಕಟ್ಟಿನೊಳಗೆ ಹೂತು ಕೂತಿತ್ತು.

"ಈ ಕಟ್ಟು ಯಾರು ಹಾಕ್ಸಿದ್ದು?"

"ನಾನೇ, ನಿಶ್ಚಿತಾರ್ಥಕ್ಕೆ ಮುಂಚೆ," ಅಂದರು ತಾಯಿ. "ಕಲ್ಲಿನ ಬುಡ ಚರ್ಮಕ್ಕೆ ತಾಗ್ಬೇಕು, ಇಲ್ಲಾಂದ್ರೆ ಫಲ ಕೊಡಲ್ಲ ಅಂದ್ರು ಜೋಯಿಸ್ರು."

"ಫಲ ಚೆನ್ನಾಗೇ ಬಂತು ಬಿಡು," ಅಂದರು ಅವರ ಗಂಡ.

ನಂಬರ್ ಇದ್ದರೆ ಆ ಕಟ್ಟಿನಡಿಯೇ ಇರಬೇಕು. ಬಿಚ್ಚದೆ ಓದುವಂತಿಲ್ಲ. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಬಿಚ್ಚುವಾಗ ಕಲ್ಲಿಗೆ ಏಟಾದ್ರೆ ನಮ್ ತಲೆಗೆ ಬರುತ್ತೆ ಮಾರಾಯ್ತಿ. ಏನಾದ್ರೂ ಹೇಳಿ ಕಳ್ಸು."

"ಕಳ್ಳಿ ಅನ್ನಿಸ್ಕೊಂಡು ಆ ಹುಡುಗಿ ಬಸ್ ಹತ್ತಬೇಕಾ ಸಾರ್? ನಾನಂತೂ ಕಳ್ಸಲ್ಲ."

ಅವರು ಮುಖ ತಿರುಗಿಸಿಕೊಂಡರು. ಬೇಡ ಎನ್ನಲಿಲ್ಲವಲ್ಲ, ನನಗೆ ಅಷ್ಟು ಸಾಕಿತ್ತು.

ಈಗ ತಾಯಿಯ ತಕರಾರು. "ಪೂಜೆ ಮಾಡ್ಸಿರೋದು, ಬಿಚ್ಚಬಾರ್ದು."

"ಬಿಚ್ಚಬೇಡಿ," ಅಂದಳು ಸಹನಾ. "ಆದ್ರೆ ನನ್ನ ಕಳ್ಳಿ ಅನ್ನೋದನ್ನೂ ಬಿಡಿ. ಎರಡರಲ್ಲಿ ಒಂದು."

ಗಂಡ ಉಂಗುರವನ್ನು ನನ್ನತ್ತ ತಳ್ಳಿದರು. "ಬಿಚ್ಚಿಸಿ."

ನಮ್ಮ ಕೆಲಸಗಾರ ಎಲ್ಲರೆದುರೇ ಕಟ್ಟು ಬಿಡಿಸಿದ. ಕಲ್ಲನ್ನು ಸ್ಪಿರಿಟ್‌ನಲ್ಲಿ ತೊಳೆದೆ. ತಿಂಗಳುಗಟ್ಟಲೆ ಮೆತ್ತಿದ್ದ ಕ್ರೀಮು, ಎಣ್ಣೆಯ ಜಿಡ್ಡು ಹೋಗಿ ಹೊಳಪು ಬಂತು. ಹೊಳಪು ಸಾಕ್ಷಿಯಲ್ಲ, ನಂಬರ್ ಬೇಕು. ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಚೂರುಚೂರೇ ತಿರುಗಿಸುತ್ತಾ ಹೋದೆ. ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಆ ಅಕ್ಷರ ಏಳುವುದು. ಒಂದು ಸುತ್ತು ಮುಗಿಯಿತು, ಏನೂ ಇಲ್ಲ. ಸಹನಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಎರಡನೇ ಸುತ್ತಿನಲ್ಲಿ ಬೂದು ಗೀರೊಂದು ಕಂಡಿತು. ಅಂಕಿಗಳೇ, ತಲೆಕೆಳಗಾಗಿದ್ದವು.

ನಾನು ಓದಿ ಹೇಳಲಿಲ್ಲ. ಉಂಗುರದ ಜೊತೆ ಅವರು ತಂದಿದ್ದ ಸರ್ಟಿಫಿಕೇಟನ್ನು ಮುಂದಿಟ್ಟು ಲೂಪನ್ನು ಆ ತಾಯಿಗೇ ಕೊಟ್ಟೆ. ಅವರು ಮಾರುದ್ದ ದೂರ ಹಿಡಿದು "ಏನೂ ಕಾಣಲ್ಲ" ಅಂದರು.

"ಕಣ್ಣಿಗೆ ಅಂಟಿಸ್ಕೊಳ್ಳಿ. ಕಲ್ಲು ನಾನು ಹತ್ರ ತರ್ತೀನಿ."

ಅವರು ಒಂದೊಂದೇ ಅಂಕಿ ಓದಿದರು. ಗಂಡ ಸರ್ಟಿಫಿಕೇಟಿನ ಮೇಲೆ ಬೆರಳಿಟ್ಟುಕೊಂಡು ಹಿಂಬಾಲಿಸಿದರು. ಕೊನೆಯ ಅಂಕಿಯವರೆಗೂ ಒಂದೇ.

"ಆಯ್ತು, ಮುಗೀತಲ್ಲ. ಬನ್ರೀ," ಎಂದು ತಾಯಿ ಬ್ಯಾಗ್ ಎತ್ತಿಕೊಂಡರು.

ಸಹನಾ ಕುರ್ಚಿ ಎಳೆದು ಕೂತಳು. "ನಿಮಗೆ ಮುಗೀತು ಆಂಟಿ. ಯಾರ್ಯಾರಿಗೆ ಹೇಳಿದ್ರೋ ಅವ್ರಿಗೆಲ್ಲ ಫೋನ್ ಮಾಡಿ. ನಮ್ಮ ಸೋದರತ್ತೆಗೂ ಹೇಳಿದೀರಲ್ಲ, ಅವ್ರಿಂದ್ಲೇ ಶುರು ಮಾಡಿ, ಸ್ಪೀಕರ್ ಹಾಕಿ."

ನಾನು ಎಲ್ಲರಿಗೂ ಕಾಫಿ ಹೇಳಿದೆ. ಕಾಫಿ ಬರುವಷ್ಟರಲ್ಲಿ ಮೊದಲ ಫೋನ್ ಹೋಗಿತ್ತು.

"ಅದೇ ಕಲ್ಲಂತೆ..."

"ಅಂತೆ ಅಲ್ಲ ಆಂಟಿ, ನೀವೇ ಓದಿದ್ದು."

"ಹೂಂ, ನಾನೇ ಓದಿದೆ. ಅದೇ ಕಲ್ಲು."

ಕೌಂಟರ್ ನನಗೆ ಕಲಿಸಿದ್ದು ಇಷ್ಟು: ನಾನು ಓದಿ ಹೇಳಿದರೆ ಅದು ನನ್ನ ಮಾತು, ಅನುಮಾನಪಟ್ಟವರೇ ಓದಿದರೆ ಅನುಮಾನ ಸಾಯುತ್ತದೆ. ಆಮೇಲೆ ಯಾವ ಕಲ್ಲನ್ನೂ ಗಿರಾಕಿಯ ಕಣ್ಣಿಗೆ ಲೂಪ್ ಹಚ್ಚಿಸದೆ ನಾನು ಕೊಟ್ಟಿಲ್ಲ. ನೀವೂ ಲೂಪ್ ಕೇಳಿ ಪಡೆದು ನಂಬರ್ ಓದಿ, ನಾಚಿಕೊಳ್ಳಬೇಡಿ.

ನಿಮ್ಮ ಮೇಲೂ ಹೀಗೆ ಸುಳ್ಳು ಹೊರಿಸಿದ್ದರೆ, ಹೇಗೆ ಎದುರು ನಿಂತಿರಿ ಎಂದು ಕೆಳಗೆ ಬರೆಯಿರಿ. "ಹೋಗ್ಲಿ ಬಿಡಿ, ದೊಡ್ಡೋರು" ಎನ್ನುವವರು ಬೇರೆ ಪೋಸ್ಟ್ ನೋಡಿಕೊಳ್ಳಿ.