ರಾಚಪ್ಪನ ಎರಡು ಸೀಟಿನ ಕಾರು
ರಬಕವಿಯ ರಾಚಪ್ಪನಿಗೆ ಪವರ್‌ಲೂಮ್ ಹೊಟ್ಟೆಪಾಡು, ಜಮಖಂಡಿಯ ಯಾವುದೋ ವಾಡೆಯ ಹರಾಜಿನಲ್ಲಿ ತಂದ ಎರಡು ಸೀಟಿನ ಹಳೆಯ ಓಟದ ಕಾರು ಹುಚ್ಚು. ಅಮಾವಾಸ್ಯೆಗೆ ಊರಿನ ಮಗ್ಗಗಳೆಲ್ಲ ನಿಂತವೆಂದರೆ ಅವನ ಅಂಗಳದಲ್ಲಿ ಸುತ್ತಿಗೆ ಸದ್ದು ಸುರು. ಹಿಪ್ಪರಗಿಯ ಟ್ರ್ಯಾಕ್ಟರ್ ಮೆಕ್ಯಾನಿಕ್ ಹುಲೆಪ್ಪನಿಗೂ ಬನಹಟ್ಟಿಯ ಮಗ್ಗದ ಫಿಟ್ಟರ್ ಬಾಳುವಿಗೂ ಅದೇ ಚಟ. ಎಂಜಿನ್ನಿನ ಫ್ಯಾನಿಗೆ ಮಗ್ಗದ ಪಟ್ಟಿ ಬಂತು, ಸೀಟಿಗೆ ಸೀರೆಯ ತುಂಡು ಬಂತು, ಟ್ರ್ಯಾಕ್ಟರಿನ ಬ್ಯಾಟರಿ ಕೂತ ಮೇಲೆ ಡಿಕ್ಕಿ ಮುಚ್ಚಲೇ ಇಲ್ಲ. ಹುಲೆಪ್ಪ ಕಾರಿನ ಹುಟ್ಟನ್ನೇ ಎತ್ತಿ ಬೈದಷ್ಟೂ ರಾಚಪ್ಪ ತಲೆಯಾಡಿಸಿ, "ಛಲೋ ಆತು, ಛಲೋ ಆತು" ಎನ್ನುತ್ತಾನೆ. ಅಂಥವನು ಸಿಟ್ಟಾಗಿದ್ದು ಒಂದೇ ಸಲ. "ಹೊಸಾ ಸೈಲೆನ್ಸರ್ ಹಾಕೇನ್ರಿ ಮಾಮಾ, ಬೆಕ್ಕು ನಡದಂಗ ಹೋಗತೈತಿ!" ಎಂದು ಹುಲೆಪ್ಪ ಅವನ ಕಿವಿಗೆ ಬಾಯಿಟ್ಟು ಒದರಿದ. "ಕಿತ್ತು ಒಗಿಯಲೇ ಅದನ್ನ!" ರಾಚಪ್ಪ ಕೆರಳಿದ. "ಊರು ನಮ್ಮನ್ನ ಬಡೀತೈತ್ರೀ!" ಎಂದು ಬಾಳು ಅರಚಿದ. "ಬಡೀಲಿ!" ಕಿತ್ತರು. ಎಂಜಿನ್ ಗುಡುಗಿತು. ಎದುರು ಮನೆಯ ಮುದಕವ್ವ ಹೊರಬಂದು ರಾಚಪ್ಪನ ಏಳು ತಲೆಮಾರನ್ನು ಜಾಲಾಡಿದಳು. ಹುಡುಗತನದಿಂದ ಮಗ್ಗದ ಗದ್ದಲದಲ್ಲೇ ಸವೆದ ಅವನ ಕಿವಿಗೆ ಅದು ಮುಟ್ಟಲಿಲ್ಲ. ಅವನು ಅದುರುವ ಬಾನೆಟ್ಟಿನ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ. "ಈಗ ಕೇಳಾಕತ್ತೈತಿ ನೋಡ್ರಲೇ," ಎಂದ.