ಆರ್ವಿಲ್ ಕಟ್ಟಿದ ಎಸೆತದ ದಿಬ್ಬ

ನಮ್ಮ ಮಿಲ್‌ಬ್ರುಕ್‌ನ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದ ಹುಲ್ಲನ್ನು ಆರ್ವಿಲ್ ಹ್ರುಸ್ಕಾ ಹತ್ತೊಂಬತ್ತು ವರ್ಷ ಸಾಕಿದ. ಬೆಳೆಸಿದ ಎನ್ನುವುದಕ್ಕಿಂತ ಸಾಕಿದ ಎನ್ನುವುದೇ ಸರಿ. ಐದೈದು ಗಜಕ್ಕೊಂದು ಬಿಳಿ ಗೆರೆ ಎಳೆಯುವ ಕೆಲಸ ನನ್ನದು. ನನ್ನ ಬೂಟಿನ ಗುರುತು ಕೊಂಚ ಆಳವಾಗಿ ಬಿದ್ದರೂ ಬೈಯುತ್ತಿದ್ದ.

೧೯೬೧ರ ವಸಂತದಲ್ಲಿ ಊರಿಗೆ ವೃತ್ತಿಪರ ಬೇಸ್‌ಬಾಲ್ ತಂಡ ಬಂತು. ಅದಕ್ಕೆ ಬೇರೆ ಮೈದಾನವಿರಲಿಲ್ಲ, ನಮ್ಮ ಕ್ರೀಡಾಂಗಣವನ್ನೇ ಕೊಟ್ಟರು. ಎಡಗಡೆಯ ಗ್ಯಾಲರಿ ತೀರ ಹತ್ತಿರವಾಯಿತೆಂದು, ಹೊಡೆದ ಚೆಂಡು ಸುಲಭವಾಗಿ ಅಲ್ಲಿ ಬೀಳದ ಹಾಗೆ ನಲವತ್ತು ಅಡಿ ಎತ್ತರದ ಬಲೆ ಕಟ್ಟಿದರು. ಇನ್ನು ಹುಲ್ಲು ಕಿತ್ತು ಮಣ್ಣು ಹಾಸಬೇಕು, ಚೆಂಡೆಸೆಯುವವನು ನಿಲ್ಲಲು ಜೇಡಿಮಣ್ಣಿನ ದಿಬ್ಬ ಕಟ್ಟಬೇಕು. ಹನ್ನೆರಡು ದಿನದ ಗಡುವು.

"ನನ್ನ ಕೈಯಿಂದ್ಲೇ ಇದರ ಚರ್ಮ ಸುಲಿಸ್ತಾರಲ್ಲೋ," ಎಂದ ಆರ್ವಿಲ್.

"ಹುಲ್ಲು ತಾನೇ, ಮತ್ತೆ ಬರುತ್ತೆ ಬಿಡೋ," ಎಂದೆ.

"ಉದುರಿದ ನಿನ್ ತಲೆಕೂದ್ಲು ಮತ್ತೆ ಬಂತೇನೋ, ಎಮ್ಮೆಟ್?"

ಕಿತ್ತ ಹುಲ್ಲುಹಾಸನ್ನು ಚಾಪೆಯ ಹಾಗೆ ಸುತ್ತಿ, ಪಕ್ಕದ ಅಭ್ಯಾಸದ ಬಯಲಿಗೆ ಸಾಗಿಸಿ, ಅಲ್ಲಿ ಹಾಸಿ ನೀರುಣಿಸುವುದರಲ್ಲೇ ಅವನು ಆರು ದಿನ ಕಳೆದ. ದಿಬ್ಬವೆಂದರೆ ಪದರದ ಮೇಲೆ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಆರಲು ಬಿಟ್ಟು ಕಟ್ಟಬೇಕಾದದ್ದು. ಗಡುವು ಹತ್ತಿರವಾದ್ದರಿಂದ ಮೇಲಿನ ಮೂರು ಪದರವನ್ನು ಆರಲು ಬಿಡದೆ ಒಂದೇ ಮಧ್ಯಾಹ್ನ ಮುಗಿಸಿದ. ನಾನೂ ಬೇಡವೆನ್ನಲಿಲ್ಲ.

ಮೊದಲ ಪಂದ್ಯದ ಮೂರನೆಯ ಇನಿಂಗ್ಸ್‌ನಲ್ಲಿ, ಎಸೆತಗಾರ ರೇ ಟಾಲಿವರ್ ಮುಂದಿಟ್ಟ ಕಾಲಿನಡಿ ಮಣ್ಣು ಕುಸಿಯಿತು. ಮೊಣಕಾಲು ತಿರುಚಿಕೊಂಡು ಬಿದ್ದ. ಅವನಿಗೆ ಇಪ್ಪತ್ತಮೂರು ವರ್ಷ. ಮತ್ತೆಂದೂ ಆಡಲಿಲ್ಲ.

ಆರ್ವಿಲ್‌ನನ್ನು ಯಾರೂ ಏನೂ ಕೇಳಲಿಲ್ಲ. ಪತ್ರಿಕೆಯವರು ದುರದೃಷ್ಟ ಎಂದು ಬರೆದು ಮುಗಿಸಿದರು. ಮೂರು ವಾರ ಕಳೆದ ಮೇಲೆ ಅವನು ತಾನಾಗಿಯೇ ಟಾಲಿವರ್ ಇದ್ದ ಆಸ್ಪತ್ರೆಗೆ ಹೊರಟ. ಜೊತೆಗೆ ನಾನೂ ಹೋದೆ.

"ಮಣ್ಣು ಸರಿಯಾಗಿ ಗಟ್ಟಿ ಮಾಡಿರ್ಲಿಲ್ಲ ಕಣಪ್ಪಾ. ತಪ್ಪು ನಂದು," ಎಂದ, ಟೋಪಿ ಹಿಂಡುತ್ತ.

ಟಾಲಿವರ್ ಕಿಟಕಿಯ ಕಡೆ ತಿರುಗಿದ. "ಮೊದಲ್ನೇ ಎಸೆತಕ್ಕೇ ಮೆತ್ತಗೆ ಅನ್ನಿಸ್ತು ಸಾರ್. ಹೇಳಿದ್ರೆ ಆಟ ನಿಲ್ಲಿಸ್ಬಿಡ್ತಾರೆ, ಇನ್ನೊಂದು ಅವಕಾಶ ಸಿಗುತ್ತೋ ಇಲ್ವೋ ಅಂತ ಸುಮ್ನಿದ್ದೆ." ಆಮೇಲೆ ಮೆಲ್ಲಗೆ ಹೇಳಿದ: "ಬಂದ್ರಲ್ಲ, ಸಾಕು. ಇನ್ಮೇಲೆ ಬರ್ಬೇಡಿ."

ಆರ್ವಿಲ್ ಮತ್ತೆ ಹೋಗಲಿಲ್ಲ. ಕ್ರಿಸ್‌ಮಸ್‌ಗೆ ಕಾಗದ ಬರೆಯುತ್ತಿದ್ದ, ಉತ್ತರ ಬರುತ್ತಿರಲಿಲ್ಲ. ಮುಂದಿನ ಒಂಬತ್ತು ವರ್ಷ ಪ್ರತಿ ವಸಂತದಲ್ಲೂ ದಿಬ್ಬವನ್ನು ಬುಡದಿಂದ ಅಗೆದು ಒಬ್ಬನೇ ಕಟ್ಟಿದ. ನನ್ನನ್ನೂ ಮುಟ್ಟಲು ಬಿಡಲಿಲ್ಲ. ಇಂಥ ದಿಬ್ಬ ಇನ್ನೆಲ್ಲೂ ಇಲ್ಲ ಎಂದು ಪರವೂರಿನ ಎಸೆತಗಾರರು ಹೊಗಳಿದರೆ, ಅವನು ಎದ್ದು ಹೋಗುತ್ತಿದ್ದ.