ದೊಡ್ಡ ಚಿಪ್ ಬೇಡ ಎಂದವರು ಯಾರು?

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಅರ್ಧ ಒಡೆದಿರುತ್ತಿತ್ತು. ಗೇಮ್ ಕನ್ಸೋಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸಲಕರಣೆಗೆ ಕಾಯದೆ ಉಗುರಿನಿಂದಲೇ ಎಬ್ಬಿಸುವುದು ಅವರ ಚಟ. ಬಲಗೈ ಎಂದು ಬರೆದುಬಿಟ್ಟೆ. ಅವರು ಎಡಚರು ಎನ್ನುತ್ತಾಳೆ ಅವರ ಮಗಳು. ಇರಬಹುದು. ಇಷ್ಟರಲ್ಲೇ ಎಡವುವ ನಾನು ಮುಂದಿನದನ್ನು ಎಷ್ಟು ಸರಿಯಾಗಿ ಹೇಳಿಯೇನೋ ತಿಳಿಯದು.

ಅಮೆರಿಕದ ಸ್ಯಾನ್ ಹೋಸೆಯ ಆಫೀಸಿನಲ್ಲಿ ಅವರು ನನ್ನ ಮೊದಲ ಮ್ಯಾನೇಜರು. ಹೊಸ ಕನ್ಸೋಲಿನ ಪ್ರತಿ ಭಾಗಕ್ಕೂ ತಗಲುವ ಖರ್ಚು ಅಂದಾಜು ಮಾಡಿ, ಹೆಚ್ಚಾದದ್ದನ್ನು ಕತ್ತರಿಸುವುದು ಅವರ ಹೊಣೆ. ಚಿಪ್‌ನ ವಿನ್ಯಾಸ ನನ್ನದು. ಮೀಟಿಂಗಿನಲ್ಲಿ ಇಂಗ್ಲಿಷು, ಹೊರಗೆ ಬಂದೊಡನೆ ವಿಜಯಪುರದ ಕನ್ನಡ. ನಾನು ಪಿಎಚ್‌ಡಿ ಮಾಡಿದ್ದು ಅವರಿಗೆ ತೀರದ ತಮಾಷೆ. "ಏನ್ರೀ ಡಾಕ್ಟ್ರ, ಪೇಷಂಟ್ ಭಾಳ ದಪ್ಪ ಆಗ್ಯಾನಲ್ರಿ," ಎಂದು ನನ್ನ ನಕ್ಷೆ ನೋಡಿ ನಗುತ್ತಿದ್ದರು.

ಚಿಪ್ ದೊಡ್ಡದಾದಷ್ಟೂ ಆಟದ ಚಿತ್ರ ಚೆನ್ನಾಗಿ ಮೂಡುತ್ತದೆ, ಕುಗ್ಗಿಸುವುದೇಕೆ ಎಂದು ಒಮ್ಮೆ ರೇಗಿದೆ. ಅವರು ವಾದಿಸಲಿಲ್ಲ. ಬೆರ್ರಿಯೆಸಾದ ತಮ್ಮ ಮನೆಗೆ ಇಫ್ತಾರಿಗೆ ಕರೆದು, ತಟ್ಟೆಯಿಂದ ಜೋಳದ ರೊಟ್ಟಿಯೊಂದನ್ನು ಎತ್ತಿದರು. ಎರಡು ಕಡೆ ಕರಕಾಗಿತ್ತು.

"ಚಿಪ್ ಕತ್ತರಸೋ ಸಿಲಿಕಾನ್ ಬಿಲ್ಲೆನೂ ಹಿಂಗ ದುಂಡಗ ಇರ್ತದ. ಅಲ್ಲಲ್ಲೆ ಕಲೆನೂ ಇರ್ತಾವ. ಸಣ್ಣ ಸಣ್ಣ ತುಂಡ ಮಾಡಿದ್ರ ಎರಡ ತುಂಡ ಚೆಲ್ಲಬೇಕು. ದೊಡ್ಡವು ಮಾಡಿದ್ರ?" ರೊಟ್ಟಿಯನ್ನು ನಾಲ್ಕಾಗಿ ಮುರಿದು, ಕರಕಿದ್ದ ಎರಡನ್ನು ಬದಿಗಿಟ್ಟರು. "ಅರ್ಧ ರೊಟ್ಟಿನೇ ಹೋತು. ಬಿಲ್ಲೆಗೆ ರೊಕ್ಕ ಮಾತ್ರ ಪೂರ್ತಿ ಕೊಡಬೇಕು."

"ಬರ್ತಾ ಬರ್ತಾ ಅಗ್ಗ ಆಗುತ್ತಲ್ಲ ಸಾರ್?"

"ಆ ಕಾಲ ಹೋತ್ರಿ ಡಾಕ್ಟ್ರ. ಈಗ ಹೊಸಾ ಬಿಲ್ಲೆ ಬಂದಂಗ ರೇಟ್ ಏರತದ. ಮಂದಿ ಕಿಸೆ ಏರಂಗಿಲ್ಲ." ಬದಿಗಿಟ್ಟ ತುಂಡುಗಳನ್ನು ಅವರೇ ತಿಂದರು.

ಗಾತ್ರ ತೀರ್ಮಾನಿಸುವ ಕೊನೆಯ ಮೀಟಿಂಗಿನಲ್ಲಿ ಸಣ್ಣ ಚಿಪ್‌ನ ಪರವಾಗಿ ಅವರೇ ಕೈ ಎತ್ತಿದರೆಂದು ಇಷ್ಟು ವರ್ಷ ನಂಬಿದ್ದೆ. ಕನ್ಸೋಲು ಅಂಗಡಿಗೆ ಬಂತು. ಹಳೆಯದಕ್ಕಿಂತ ಹೆಚ್ಚೇನೂ ಬಲವಿಲ್ಲವೆಂದು ಆಡುವವರು ಬೈದರು.

ಈಚೆಗೆ ಅವರು ತೀರಿಕೊಂಡರು. ಲಿವರ್‌ಮೋರಿನಲ್ಲಿ ಮಣ್ಣು ಮಾಡಿ ಅವರ ಮನೆಗೆ ಮರಳಿದಾಗ ಆ ಮೀಟಿಂಗಿನ ಮಾತು ಬಂತು. ಅಂದು ಆ ಮೀಟಿಂಗಿನಲ್ಲಿದ್ದ, ಈಗ ಕ್ಯಾಂಪ್‌ಬೆಲ್ ಊರಿನಲ್ಲಿರುವ ಗೆಳತಿ ನನ್ನನ್ನು ತಡೆದಳು.

"ಏನ್ ಮಾತಾಡ್ತಿದೀಯೋ? ದೊಡ್ಡದೇ ಇರ್ಲಿ ಅಂತ ಕೊನೆವರೆಗೂ ಫೈಟ್ ಮಾಡಿದ್ದು ಅವರೊಬ್ಬರೇ. ಮೇಲಿನೋರು ಒಪ್ಪಲಿಲ್ಲ."

ಪಕ್ಕದಲ್ಲಿದ್ದ ಅವರ ಮಗಳು ತಿರುಗಿದಳು. "ಅಂಕಲ್, ಯಾವ್ದು ನಿಜ? ಆ ಕನ್ಸೋಲ್ ನೋಡಿ ಫ್ರೆಂಡ್ಸ್ ಎಲ್ಲ ನಕ್ಕಾಗ ನಾನು ಅಬ್ಬಾಗೆ ಜುಗ್ಗ ಅಂದಿದ್ದೆ. ನೀವೇ ಹಾಳ್ ಮಾಡಿದ್ದು ಅಂದಿದ್ದೆ. 'ಹೌದು ಬೇಟಾ' ಅಂತ ನಕ್ಕುಬಿಟ್ರು. ನಾನು ಸಾರಿನೂ ಕೇಳ್ಲಿಲ್ಲ."

ಕಣ್ಣು ಮುಚ್ಚಿದರೆ ಅವರು ಕೈ ಎತ್ತಿದ್ದೂ ಕಾಣುತ್ತಿತ್ತು, ಒಪ್ಪದೆ ತಲೆಯಾಡಿಸಿದ್ದೂ ಕಾಣುತ್ತಿತ್ತು. ಎರಡನೆಯದು ಗೆಳತಿಯ ಮಾತಿನಿಂದ ಈಗಷ್ಟೇ ಹುಟ್ಟಿತೇ? ಮೊದಲನೆಯದು ಅಂದಿನ ನನ್ನ ಸಿಟ್ಟಿನಿಂದ ಹುಟ್ಟಿತ್ತೇ?

"ನೆನಪಿಲ್ಲಮ್ಮ," ಎಂದೆ. ಅವಳ ಮುಖ ಇಳಿದುಹೋಯಿತು.

ಅವಳ ಬಳಿಯಿದ್ದ ಅದೇ ಕನ್ಸೋಲು ಟಿವಿಯ ಕೆಳಗಿತ್ತು. ಕೇಳಿ ತೆಗೆದುಕೊಂಡು, ಹೊದಿಕೆ ಬಿಚ್ಚಿ, ಮೂಲೆಯ ಖಾಲಿ ತೂತೊಂದನ್ನು ತೋರಿಸಿದೆ.

"ಇಲ್ಲೊಂದು ಸ್ಕ್ರೂ ಇರ್ಬೇಕಿತ್ತು. ತೆಗೆಸಿದ್ದು ನಿಮ್ಮಬ್ಬಾ. ಈ ಕೇಬಲ್ ಗಿಡ್ಡ ಮಾಡಿಸಿದ್ದೂ ಅವರೇ. ಹಿಂಗೆ ಉಳಿಸಿದ ದುಡ್ಡನ್ನೆಲ್ಲ ಚಿಪ್‌ಗೆ ಹಾಕ್ಸಿದ್ರು. ಇಲ್ದಿದ್ರೆ ಅದು ಇನ್ನೂ ಸಣ್ಣದಾಗ್ತಿತ್ತು."

"ಇದು ಪಕ್ಕಾನಾ?"

"ತೂತು ಇದೆಯಲ್ಲಮ್ಮ."

ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹಾಗಾದ್ರೆ ಅಬ್ಬಾ ಜುಗ್ಗ ಅಲ್ವಾ?"

"ಜುಗ್ಗರೇ. ಚಿಪ್ ಒಂದು ಬಿಟ್ಟು ಉಳಿದೆಲ್ಲದರಲ್ಲೂ."

ಅವಳು ನಕ್ಕಳು, ಆಮೇಲೆ ಅತ್ತಳು. ಆ ಮೀಟಿಂಗಿನಲ್ಲಿ ಅವರು ಏನೆಂದರೋ ನನಗೆ ಈಗಲೂ ಗೊತ್ತಿಲ್ಲ. ನಾನು ಬರೆದ ದೊಡ್ಡ ಚಿಪ್‌ಗಳೆಲ್ಲ ನಕ್ಷೆಯಲ್ಲೇ ಉಳಿದವು. ಜನರ ಮನೆ ಸೇರಿದ್ದು ಅವರು ಉಳಿಸಿಕೊಟ್ಟ ಆ ಸಣ್ಣದೊಂದೇ.